ನೋವಾಗಬಾರದಿದ್ದ ಹಲ್ಲು

"ಇದರಲ್ಲಿ ಯಾವ ಹಲ್ಲಿಗೆ ಕ್ಯಾಪ್ ಮಾಡ್ಲಿ, ಡಾಕ್ಟ್ರೇ?"

ಸೋಮವಾರ ಮಧ್ಯಾಹ್ನ ಒಂದೂವರೆ. ದಂತ ಚಿಕಿತ್ಸಾಲಯದ ಒಳಕೋಣೆಯಲ್ಲಿ ಅವಳು ಊಟದ ಡಬ್ಬಿ ತೆರೆದು ಮೊದಲ ತುತ್ತು ಬಾಯಿಗಿಟ್ಟಿದ್ದಳಷ್ಟೆ. ಬಾಗಿಲಲ್ಲಿ ನಿಂತಿದ್ದವನನ್ನು ಹಿಂದೆಂದೂ ನೋಡಿರಲಿಲ್ಲ. ಆದರೆ ಅವನ ಬೆರಳ ಸಂದಿಯಲ್ಲಿ ಒಣಗಿದ್ದ ಬಿಳಿ ಪ್ಲಾಸ್ಟರ್ ಕಂಡ ಕೂಡಲೇ ಯಾರೆಂದು ಗೊತ್ತಾಯಿತು.

ಲ್ಯಾಬಿನವನು!

ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳು. ರೋಗಿಗಳ ಬಾಯಿಂದ ಅವಳು ತೆಗೆದ ಹಲ್ಲಿನ ಅಚ್ಚುಗಳೆಲ್ಲ ಹೋಗುತ್ತಿದ್ದದ್ದು ಇವನ ಲ್ಯಾಬಿಗೆ. ಪ್ರತಿ ಅಚ್ಚಿನ ಜೊತೆ ಒಂದು ಚೀಟಿ. ಯಾವ ಹಲ್ಲು, ಯಾವ ಬಣ್ಣ, ಯಾವ ದಿನಕ್ಕೆ ಬೇಕು ಎಂದು ಅವಳು ಮುಂದುಗಡೆ ಬರೆದರೆ, ಇವನು ಹಿಂದುಗಡೆ ಒಂದು ಸಾಲು ಗೀಚಿ ಕಳಿಸುತ್ತಿದ್ದ.

'ಕೊರೆದ ಹಲ್ಲಿನ ಅಂಚು ಕಾಣ್ತಿಲ್ಲ. ಇನ್ನೊಮ್ಮೆ ತೆಗೀರಿ.'

'ಈ ಸಲ ಪರವಾಗಿಲ್ಲ.'

ಹೋದ ತಿಂಗಳು ಒಂದು ದಿನ, 'ಅಂಚು ಅಂದ್ರೆ ಹೀಗಿರಬೇಕು. ಇಲ್ಲಿ ಎಲ್ಲರಿಗೂ ತೋರಿಸಿದೆ.'

ಮೂರು ತಿಂಗಳಲ್ಲಿ ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ. ಅಲ್ಲಿಯವರೆಗೆ ಲ್ಯಾಬಿನವನೆಂದರೆ ಅವಳ ಕಲ್ಪನೆಯಲ್ಲಿ ಮೂಗಿನ ತುದಿಯಲ್ಲಿ ಕನ್ನಡಕ, ಅದೇ ತುದಿಯಲ್ಲಿ ಸಿಟ್ಟು ಇಟ್ಟುಕೊಂಡ ಐವತ್ತರ ಮನುಷ್ಯ. ಆ ಒಂದು ಸಾಲಿಗೆ ಅವನ ವಯಸ್ಸು ಇಪ್ಪತ್ತು ವರ್ಷ ಇಳಿದಿತ್ತು. ಇನ್ನೊಂದು ಹೊಗಳಿಕೆ ಬಂದಿದ್ದರೆ ಕಾಲೇಜು ಹುಡುಗನೇ ಆಗಿಬಿಡುತ್ತಿದ್ದನೇನೋ.

ಈಗ ನೋಡಿದರೆ ನಿಜವಾಗಿಯೂ ಮೂವತ್ತರ ಆಸುಪಾಸು. ಸುಮಾರು ಎತ್ತರ, ನಿದ್ದೆಗೆಟ್ಟ ಕಣ್ಣು. ಕೈಯಲ್ಲಿ, ಅವಳ ಅಚ್ಚಿನಿಂದ ಎರಕ ಹೊಯ್ದು ಬಟ್ಟೆಯಲ್ಲಿ ಸುತ್ತಿದ ಪ್ಲಾಸ್ಟರ್ ದವಡೆ.

ಅವನು ಅದನ್ನು ಬಿಚ್ಚಿ ಅವಳ ಡಬ್ಬಿಯ ಪಕ್ಕ ಇಟ್ಟ.

"ಚೀಟಿಯಲ್ಲಿ ಆರನೇ ಹಲ್ಲು ಅಂತ ಬರ್ದಿದ್ದೀರಿ. ಕೊರೆದಿರೋದು ಏಳನೇದು."

"ಇರಲಾರದು." ಅವಳು ಬೆರಳಿಟ್ಟು ಮುಂದಿನ ಹಲ್ಲಿನಿಂದ ಎಣಿಸಿದಳು. ಒಂದು, ಎರಡು, ಮೂರು... ಆರು. "ಸರಿಯಾಗೇ ಇದೆ ನೋಡಿ."

"ನಾಲ್ಕನೇದು ಎಲ್ಲಿದೆ?" ಅವನ ದನಿ ಮೆತ್ತಗಿತ್ತು.

ನಾಲ್ಕನೆಯದು ಇರಲಿಲ್ಲ. ಆ ರೋಗಿಗೆ ಚಿಕ್ಕಂದಿನಲ್ಲಿ ಹಲ್ಲು ನೇರ ಮಾಡಿಸುವಾಗ ಯಾರೋ ತೆಗೆದಿದ್ದರು. ಜಾಗ ಮುಚ್ಚಿಕೊಂಡು, ಇದ್ದ ಹಲ್ಲುಗಳು ಒತ್ತಾಗಿ ಕೂತಿದ್ದವು. ಮುಂದಿನಿಂದ ಎಣಿಸಿದರೆ ಏಳನೆಯದು ಆರನೆಯದಾಗಿ ಸಿಗುತ್ತದೆ. ಹೊಸ ಡಾಕ್ಟರುಗಳು ಎಡವಿ ಬೀಳುವುದೇ ಇಲ್ಲಿ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಸರಿಯುತ್ತರ ಬರೆದು ಅಂಕವನ್ನೂ ತೆಗೆದುಕೊಂಡಿದ್ದಳು.

ಅವಳಿಗೆ ಶುಕ್ರವಾರದ ಬೆಳಗು ಕಣ್ಮುಂದೆ ಬಂತು.

ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಪ್ರಕಟಣೆ ಮಾಡುವ ಹೆಂಗಸು. ಆರನೇ ಹಲ್ಲಿಗೆ ದೊಡ್ಡ ಡಾಕ್ಟರು ಬೇರಿನ ಚಿಕಿತ್ಸೆ ಮುಗಿಸಿದ್ದರು. ಅದನ್ನು ಸುತ್ತಲೂ ಕೊರೆದು ಕ್ಯಾಪಿಗೆ ಅಚ್ಚು ತೆಗೆಯುವುದಷ್ಟೇ ಇವಳ ಕೆಲಸ. ಆರಕ್ಕೂ ಏಳಕ್ಕೂ ಮೇಲೆ ಬಿಳಿ ಫಿಲ್ಲಿಂಗ್ ಇತ್ತು. ಹೊರಗೆ ನಾಲ್ವರು ಕಾಯುತ್ತಿದ್ದರು.

ಕೊರೆಯಲು ಶುರು ಮಾಡಿದ ಕೂಡಲೇ ಆ ಹೆಂಗಸು ಕೈ ಎತ್ತಿದ್ದರು.

ಬೇರಿನ ಚಿಕಿತ್ಸೆ ಆದ ಹಲ್ಲಿನಲ್ಲಿ ನರವಿರುವುದಿಲ್ಲ. ಅದಕ್ಕೆ ನೋವಾಗಬಾರದು. ಅಲ್ಲೇ ನಿಲ್ಲಿಸಿ, 'ಯಾಕೆ ನೋವಾಯಿತು?' ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕಿತ್ತು. ಅವಳು ಕೇಳಿಕೊಳ್ಳಲಿಲ್ಲ. ವಸಡಿಗೆ ತಾಗಿರಬೇಕು ಅಂದುಕೊಂಡು, ಒಂದು ಇಂಜೆಕ್ಷನ್ ಕೊಟ್ಟು, ಕೆಲಸ ಮುಂದುವರಿಸಿದಳು.

ಜೀವ ಇದ್ದ ಹಲ್ಲು. ಏನೂ ತೊಂದರೆ ಇಲ್ಲದ ಹಲ್ಲು.

ಈಗ ಅವಳ ಎದೆ ಝಲ್ಲೆನ್ನಬೇಕಿತ್ತು. ಕೈ ನಡುಗಬೇಕಿತ್ತು. ಏನೂ ಆಗಲಿಲ್ಲ... ಬಾಯಲ್ಲಿದ್ದ ತುತ್ತನ್ನು ಅಗಿದು ನುಂಗಿದಳು. ರುಚಿ ಗೊತ್ತಾಗಲಿಲ್ಲ.

"ಚೀಟಿ ಕೊಡಿ, ತಿದ್ದಿ ಕೊಡ್ತೀನಿ. ಏಳನೇದಕ್ಕೇ ಮಾಡ್ಬಿಡಿ."

"ಕ್ಯಾಪ್ ಮಾಡ್ತೀನಿ, ಕೊರೆದ ಹಲ್ಲನ್ನ ಹಾಗೇ ಬಿಡೋಕಾಗಲ್ಲ. ಚೀಟಿ ಮಾತ್ರ ತಿದ್ದಬೇಡಿ." ಅವನು ದವಡೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. "ಗುರುವಾರ ಅವ್ರು ಬರ್ತಾರಲ್ಲ, ಆಗ ನೀವೇ ಹೇಳ್ಬಿಡಿ."

"ಹೇಳದಿದ್ರೆ?"

"ನಾನು ಹೇಳ್ಬೇಕಾಗುತ್ತೆ."

ಬಾಗಿಲ ತನಕ ಹೋದವನು ತಿರುಗಿ ನಿಂತ. ಏನೋ ಹೇಳಲು ಬಂದು, ಅದನ್ನು ಬಿಟ್ಟು ಬೇರೆ ಹೇಳಿದ.

"ಊಟ ಮಾಡಿ."

*

ಮರುದಿನವೂ ಅವಳು ಕೆಲಸ ಮಾಡಿದಳು. ಚೆನ್ನಾಗಿಯೇ ಮಾಡಿದಳು. ಅಲುಗಾಡುತ್ತಿದ್ದ ಹಲ್ಲನ್ನು ಕೀಳಿಸಿಕೊಂಡ ಅಜ್ಜರೊಬ್ಬರು, "ಕೈ ಹಗುರ ನಿಂದು ಮಗಳೇ," ಎಂದರು. ಅದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ದಿನಾ ಬಸ್ ಹಿಡಿಯುವುದು ಅದೇ ನಿಲ್ದಾಣದಲ್ಲಿ. 'ಐದನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಹೊರಡಲಿದೆ...' ಅದೇ ಹೆಂಗಸಿನ ಧ್ವನಿ, ಅದೇ ಸ್ಪಷ್ಟತೆ. ಧ್ವನಿಗೇನೂ ಆಗಿರಲಿಲ್ಲ. ಆದರೂ ಪ್ರತಿ ಪ್ರಕಟಣೆಗೂ ಇವಳು ಕಿವಿಗೊಟ್ಟು, ಎಲ್ಲಾದರೂ ತಡವರಿಸುತ್ತಾರೇನೋ ಎಂದು ಕಾಯುತ್ತಿದ್ದಳು. ಹಾಗೆ ಕಾಯುತ್ತಲೇ ತನ್ನ ಬಸ್ಸನ್ನು ತಪ್ಪಿಸಿಕೊಂಡಳು.

ಮನೆಯಲ್ಲಿ ಅಮ್ಮ ತಟ್ಟೆ ಮುಂದಿಟ್ಟು ಎದುರಿಗೇ ಕೂತರು.

"ಏನೇ ಪುಟ್ಟಿ, ಯಾರ ಮೇಲೆ ಮುನಿಸು?"

"ಯಾರ ಮೇಲೂ ಇಲ್ಲಮ್ಮ."

"ದಿನಾ ಊರವರ ಬಾಯಿ ತೆಗೆಸ್ತೀಯ. ನಿನ್ನ ಬಾಯಿ ತೆಗೆಸೋಕೆ ನಾನ್ಯಾವ ಇಕ್ಕಳ ತರ್ಲಿ?"

ಅವಳು ನಕ್ಕಳು. ನಗಬೇಕಾದ ಜಾಗ ಅದು ಎಂದು ಗೊತ್ತಿದ್ದರಿಂದ ನಕ್ಕಳು. ಅಮ್ಮನಿಗೆ ಆ ವ್ಯತ್ಯಾಸ ತಿಳಿಯದೇ ಇರುತ್ತದೆಯೇ? ಆದರೆ ಮತ್ತೇನೂ ಕೇಳದೆ ನೀರಿನ ಲೋಟವನ್ನು ಅವಳ ಕೈಗೆ ಹತ್ತಿರ ಸರಿಸಿದರು.

ಹಾಸಿಗೆಯ ಮೇಲೆ ಬಿದ್ದುಕೊಂಡು ಯೋಚಿಸಿದಳು. ಹೇಳಿದರೆ ಏನಾಗುತ್ತದೆ? ಕೆಲಸ ಹೋಗಬಹುದು. ಹೇಳದಿದ್ದರೆ? ಅವನು ಹೇಳುತ್ತಾನೆ. ಅಂಚು ಚೆನ್ನಾಗಿದೆ ಎಂದು ಬರೆದ ಅದೇ ಕೈ... ಅಲ್ಲಿಗೆ ಯೋಚನೆ ನಿಂತುಹೋಯಿತು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

*

ಬುಧವಾರ ಸಂಜೆ ದೊಡ್ಡ ಡಾಕ್ಟರು ಅವಳನ್ನು ಒಳಗೆ ಕರೆದರು. ಇಪ್ಪತ್ತೆರಡು ವರ್ಷದಿಂದ ಈ ಚಿಕಿತ್ಸಾಲಯ ನಡೆಸುತ್ತಿರುವ ಹೆಂಗಸು. ಗದರುವುದು ಕಡಿಮೆ, ಆದರೆ ಅವರ ಮೌನಕ್ಕೇ ಎಲ್ಲರೂ ಹೆದರುತ್ತಿದ್ದರು.

"ಬಾಗಿಲು ಹಾಕು."

ಹಾಕಿದಳು.

"ನಾನು ಬರ್ದಿದ್ದು ಆರನೇದು."

ಗೊತ್ತಾಗಿಬಿಟ್ಟಿದೆ! "ಹೌದು ಮೇಡಂ," ಎಂದಳು. ತನ್ನ ದನಿ ಬೇರೆ ಯಾರದೋ ಎನ್ನುವ ಹಾಗೆ ಕೇಳಿಸಿತು.

"ನಾಳೆ ನೀನು ಬಾಯಿ ಬಿಡಬೇಡ. ಎರಡೂ ಹಲ್ಲು ದುರ್ಬಲ ಆಗಿತ್ತು, ಎರಡಕ್ಕೂ ಕ್ಯಾಪ್ ಬೇಕು ಅಂತ ನಾನು ಹೇಳ್ತೀನಿ. ಈಗ ಏಳನೇದಕ್ಕೆ ಹಾಕೋಣ, ಮುಂದಿನ ವಾರ ಆರನೇದು ಕೊರೆಯೋಣ. ಅವ್ರಿಗೆ ಖರ್ಚಿಲ್ಲ. ಅಲ್ಲಿಗೆ ಮುಗೀತು."

"ಮೇಡಂ..."

"ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ಶುರುವಿನಲ್ಲೇ ಕೆಟ್ಟ ಹೆಸರು ಬಂದ್ರೆ ತೊಳೆದುಕೊಳ್ಳೋದು ಕಷ್ಟ."

ಹೊರಗೆ ಬಂದವಳೇ ಕಾರಿಡಾರಿನ ಮೂಲೆಗೆ ಹೋಗಿ ಲ್ಯಾಬಿಗೆ ಫೋನ್ ಮಾಡಿದಳು.

"ಗುರುವಾರದವರೆಗೆ ಕಾಯೋಕೂ ಆಗ್ಲಿಲ್ವಾ ನಿಮಗೆ?"

ಆ ಕಡೆ ಯಂತ್ರದ ಸದ್ದು ನಿಂತಿತು. "ಏನಾಯ್ತು ಡಾಕ್ಟ್ರೇ?"

"ನಾಟಕ ಬೇಡ. ಮೇಡಂಗೆ ಹೇಳ್ಬಿಟ್ರಿ ಅಲ್ವಾ? ಮೂರು ತಿಂಗಳು ಚೀಟಿ ಮೇಲೆ ನಾಲ್ಕು ಒಳ್ಳೆ ಮಾತು ಬರ್ದು, ಕೊನೆಗೆ ಬೆನ್ನಿಗೆ ಚೂರಿ ಹಾಕಿದ್ರಿ. ಇನ್ಮೇಲೆ ನನ್ನ ಅಚ್ಚು ನಿಮ್ಮ ಲ್ಯಾಬಿಗೆ ಬರಲ್ಲ."

ಕೂಗಲಿಲ್ಲ. ಔಷಧಿಯ ಪಟ್ಟಿ ಓದುವ ದನಿಯಲ್ಲೇ ಅಷ್ಟೂ ಹೇಳಿದಳು. ಅವನು ವಾದ ಮಾಡುತ್ತಾನೆ, 'ನಾನಲ್ಲ' ಅನ್ನುತ್ತಾನೆ ಎಂದುಕೊಂಡಿದ್ದಳು. ಒಳಗೆಲ್ಲೋ ಹಾಗೆ ಅನ್ನಲಿ ಎಂಬ ಆಸೆಯೂ ಇತ್ತು.

"ಸರಿ ಡಾಕ್ಟ್ರೇ," ಎಂದ ಅವನು. "ಏಳನೇದರ ಕ್ಯಾಪ್ ನಾಳೆ ಬೆಳಗ್ಗೆ ಬರುತ್ತೆ."

*

ಗುರುವಾರ ಹತ್ತು ಗಂಟೆಗೆ ಪ್ರಕಟಣೆಯ ಹೆಂಗಸು ಕುರ್ಚಿಯಲ್ಲಿ ಒರಗಿದ್ದರು. ದೀಪ ಬಾಯಿಗೆ ನೇರ ಬೀಳುತ್ತಿತ್ತು. ಸಹಾಯಕ್ಕೆ ನಿಂತಿದ್ದ ನರ್ಸ್ ಅಕ್ಕ ತಟ್ಟೆ ಹಿಡಿದಿದ್ದಳು. ಅದರಲ್ಲಿ ಹೊಸ ಕ್ಯಾಪ್.

ದೊಡ್ಡ ಡಾಕ್ಟರು ಗ್ಲೌಸ್ ಹಾಕಿಕೊಳ್ಳುತ್ತಾ ಶುರು ಮಾಡಿದರು. "ನೋಡಿಮ್ಮ, ನಿಮ್ಮ ಹಿಂದಿನ ಎರಡು ಹಲ್ಲೂ..."

ಕೆಲಸಕ್ಕೆ ಸೇರಿದ ಮೊದಲ ದಿನ ಇದೇ ಕೋಣೆಯಲ್ಲಿ ಇದೇ ಮೇಡಂ ಅವಳಿಗೆ ಒಂದು ಮಾತು ಹೇಳಿದ್ದರು. 'ಮೊದಲ ಎರಡು ವರ್ಷ ಕೈಗೆ ಏನು ರೂಢಿ ಮಾಡ್ಕೋತೀಯೋ, ಮುಂದೆ ಮೂವತ್ತು ವರ್ಷ ಅದೇ ಇರುತ್ತೆ. ಬುನಾದಿ ನೋಡ್ಕೊಂಡು ಹಾಕು.'

ಹಾಗಾದರೆ ಇವತ್ತು ಸುಮ್ಮನಿದ್ದರೆ, ಸುಮ್ಮನಿರುವುದೇ ರೂಢಿಯಾಗುತ್ತದೆ. ಇನ್ನು ಮೂವತ್ತು ವರ್ಷ ಯಾರು ಕೈ ಎತ್ತಿದರೂ ತಾನು ಇಂಜೆಕ್ಷನ್ನನ್ನೇ ಕೊಡುತ್ತಿರುತ್ತೇನೆ. ಧೈರ್ಯ ಬಂತೆಂದು ಅಲ್ಲ, ಈ ಲೆಕ್ಕ ತಲೆಗೆ ಹೊಳೆದದ್ದರಿಂದ ಅವಳು ಬಾಯಿ ತೆರೆದಳು.

"ಮೇಡಂ, ಒಂದು ನಿಮಿಷ."

ಕುರ್ಚಿಯ ಗುಂಡಿ ಒತ್ತಿ ಆ ಹೆಂಗಸನ್ನು ನೇರ ಕೂರಿಸಿದಳು. ದೀಪ ಆರಿಸಿದಳು. ಮಾಸ್ಕ್ ಕೆಳಗೆ ಎಳೆದು ಸ್ಟೂಲಿನ ಮೇಲೆ ಎದುರಿಗೆ ಕೂತಳು.

"ಅಮ್ಮ, ಶುಕ್ರವಾರ ನಾನು ತಪ್ಪು ಹಲ್ಲು ಕೊರೆದಿದ್ದೀನಿ."

ಅಕ್ಕ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಚಿಕಿತ್ಸೆ ಆದ ಹಲ್ಲು ಹಾಗೇ ಇದೆ. ಪಕ್ಕದ ಒಳ್ಳೆ ಹಲ್ಲನ್ನ ಕೊರೆದೆ. ಅದಕ್ಕೆ ಈಗ ಕ್ಯಾಪ್ ಹಾಕಲೇಬೇಕು. ಮುಂದೆ ಅದಕ್ಕೂ ಬೇರಿನ ಚಿಕಿತ್ಸೆ ಬೇಕಾಗಬಹುದು. ಎಣಿಸೋದ್ರಲ್ಲಿ ತಪ್ಪಿದ್ದು ನಾನು. ಬೇರೆ ಯಾರದೂ ತಪ್ಪಿಲ್ಲ."

ಆ ಹೆಂಗಸು ಮೊದಲು ದೊಡ್ಡ ಡಾಕ್ಟರನ್ನು, ಆಮೇಲೆ ಇವಳನ್ನು ನೋಡಿದರು. ಊರಿಗೆಲ್ಲ ಕೇಳುವ ಆ ಧ್ವನಿ ಈಗ ಪಿಸುಮಾತಿನಷ್ಟೇ ಇತ್ತು.

"ನೋವಾದಾಗ ನಾನು ಕೈ ಎತ್ತಿದ್ದೆ."

"ಹೌದು."

"ನೀವು ನೋಡಿದ್ರಿ."

"ನೋಡಿದೆ. ಆ ಹಲ್ಲಿಗೆ ನೋವಾಗಬಾರದಿತ್ತು. ಅಲ್ಲೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ."

"ನಾನೂ ಒಂದೊಂದ್ಸಲ ಮೈಕಲ್ಲಿ ತಪ್ಪು ಅಂಕಣ ಹೇಳ್ಬಿಡ್ತೀನಿ," ಎಂದರು ಆಕೆ. "ಆಮೇಲೆ ಅದೇ ಮೈಕಲ್ಲಿ 'ತಪ್ಪಾಯ್ತು' ಅಂತ ಹೇಳ್ತೀನಿ. ನಿಲ್ದಾಣದವರೆಲ್ಲ ನಗ್ತಾರೆ. ಆದ್ರೆ ಯಾರ ಬಸ್ಸೂ ತಪ್ಪಲ್ಲ." ಕೆನ್ನೆ ಮುಟ್ಟಿಕೊಂಡರು. "ನನ್ನ ಹಲ್ಲು ಹೋಯ್ತಲ್ಲಮ್ಮ. ಸಿಟ್ಟಿಲ್ಲ ಅಂದ್ರೆ ಸುಳ್ಳಾಗುತ್ತೆ. ಇನ್ನು ನೀವು ನನ್ನ ಬಾಯಿಗೆ ಕೈ ಹಾಕೋದು ಬೇಡ. ಮೇಡಂ ಮಾಡ್ಲಿ. ನೀವು ಪಕ್ಕದಲ್ಲಿ ನಿಂತು ನೋಡಿ."

ಅವಳು ಪಕ್ಕದಲ್ಲಿ ನಿಂತು ನೋಡಿದಳು. ಕ್ಯಾಪ್ ಒಂದು ಕೂದಲೆಳೆಯ ಸಂದೂ ಇಲ್ಲದೆ ಕೂತಿತು. ಎಷ್ಟು ಚೆನ್ನಾಗಿ ಮಾಡಿದ್ದಾನೆ ಎನ್ನಿಸಿತು. ನಾಲ್ಕು ದಿನದಲ್ಲಿ ಅವಳಿಗೆ ಏನಾದರೂ ಅನ್ನಿಸಿದ್ದು ಅದೊಂದೇ.

ಆಕೆ ಹೋದ ಮೇಲೆ ದೊಡ್ಡ ಡಾಕ್ಟರು ಸಿಂಕಿನ ಮುಂದೆ ನಿಂತು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದರು.

"ನನ್ನ ಮಾತು ಮೀರಿದೆ."

"ಹೌದು ಮೇಡಂ."

"ನನ್ನ ಮೊದಲ ವರ್ಷ ನಾನೂ ಹೀಗೊಂದು ಮಾಡಿದ್ದೆ. ಹೇಳ್ಲಿಲ್ಲ. ಆ ಮನುಷ್ಯ ಎದುರಿಗೆ ಬಂದ್ರೆ ಇವತ್ತಿಗೂ ರಸ್ತೆ ದಾಟಿ ಆ ಕಡೆ ಹೋಗ್ತೀನಿ." ನಲ್ಲಿ ನಿಲ್ಲಿಸಿದರು. "ಎರಡು ತಿಂಗಳು ನೀನು ಡ್ರಿಲ್ ಮುಟ್ಟಬೇಡ. ಬೆಳಗ್ಗೆ ಇಲ್ಲಿ ಬರೀ ತಪಾಸಣೆ. ಮಧ್ಯಾಹ್ನ ಲ್ಯಾಬಿಗೆ ಹೋಗಿ ಮೇಣದಲ್ಲಿ ಹಲ್ಲು ಕೆತ್ತು. ಕಣ್ಮುಚ್ಚಿ ಮುಟ್ಟಿದ್ರೂ ಎಷ್ಟನೇದು ಅಂತ ಗೊತ್ತಾಗಬೇಕು."

"ಯಾವ ಲ್ಯಾಬು ಮೇಡಂ?"

"ನಮಗೇನು ಹತ್ತು ಲ್ಯಾಬಿದ್ಯಾ?"

ಅವಳ ಮುಖ ನೋಡಿ ನರ್ಸ್ ಅಕ್ಕ ಆಮೇಲೆ ಹತ್ತಿರ ಬಂದಳು. "ಲ್ಯಾಬಿನವ್ರ ಮೇಲೆ ಯಾಕೆ ಸಿಟ್ಟು ನಿಮಗೆ? ನಿನ್ನೆ ಫೋನಲ್ಲಿ ಬೈತಿದ್ರಲ್ಲ."

"ಮೇಡಂಗೆ ಹೇಳಿದ್ದು ಅವ್ರೇ ತಾನೇ?"

"ಅಯ್ಯೋ, ಯಾರು ಹೇಳಿದ್ರು? ಆ ಬಸ್ ಸ್ಟ್ಯಾಂಡಿನ ಅಮ್ಮ ಮಂಗಳವಾರ ಫೋನ್ ಮಾಡಿ, ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ ಅಂದ್ರು. ನರ ತೆಗೆದ ಹಲ್ಲು ಹೇಗೆ ಜುಮ್ ಅನ್ನುತ್ತೆ ಅಂತ ಮೇಡಂ ರಾತ್ರಿ ಅವ್ರ ಕೆಲಸ ಮುಗಿದ ಮೇಲೆ ಕರೆಸಿ ನೋಡಿದ್ರು. ನೀವು ಹೊರಟುಹೋಗಿದ್ರಿ."

ಅವಳು ಗೋಡೆಗೆ ಒರಗಿ ನಿಂತಳು. 'ಸರಿ ಡಾಕ್ಟ್ರೇ' ಎಂದ ಆ ದನಿ ಈಗ ನಿಧಾನವಾಗಿ ಕೇಳಿಸತೊಡಗಿತು.

*

ಲ್ಯಾಬು ಮುದ್ರಣದಂಗಡಿಯ ಮಹಡಿಯಲ್ಲಿ. ಉದ್ದ ಮೇಜು, ಎರಡು ಕಿಟಕಿ, ಗೋಡೆ ತುಂಬ ಬಿಳಿ ದವಡೆಗಳ ಸಾಲು. ಊರಿನ ಅರ್ಧ ಜನ ಇಲ್ಲಿ ಬಾಯಿ ತೆರೆದು ಕೂತಂತಿತ್ತು.

ಮೊದಲ ದಿನವೇ ಅವಳು ಶುರು ಮಾಡಿದಳು. "ಅವತ್ತು ಫೋನಿನಲ್ಲಿ ನಾನು..."

"ಮೇಣ ಜಾಸ್ತಿ ಕಾಯಿಸಬೇಡಿ, ಕೈ ಸುಡುತ್ತೆ," ಎಂದು ಅವನು ಒಂದು ಮೇಣದ ತುಂಡು, ಒಂದು ಸಣ್ಣ ಚಾಕು ಮುಂದಿಟ್ಟು ತನ್ನ ಜಾಗಕ್ಕೆ ಹೋದ.

ಕೋಪವೋ, ಸಂಕೋಚವೋ ತಿಳಿಯಲಿಲ್ಲ. ಅವಳು ಕೆತ್ತಿದಳು. ಸಂಜೆ ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಹಲ್ಲಲ್ಲ, ಆಲೂಗಡ್ಡೆ."

ಎರಡನೇ ದಿನವೂ ಆಲೂಗಡ್ಡೆ. ಐದನೇ ದಿನ 'ಸಿಪ್ಪೆ ತೆಗೆದ ಆಲೂಗಡ್ಡೆ' ಎಂದು ಬಡ್ತಿ ಸಿಕ್ಕಿತು. ಒಂಬತ್ತನೇ ದಿನ ಅವನು ಏನೂ ಅನ್ನದೆ, ಅವಳ ಹಲ್ಲನ್ನು ಒಂದು ಪ್ಲಾಸ್ಟರ್ ದವಡೆಯ ಖಾಲಿ ಜಾಗದಲ್ಲಿಟ್ಟ. ಅದು ಕೂತಿತು. ಅವಳ ಬೆರಳುಗಳಿಗೆ ಖುಷಿಯಾಯಿತು. ಬೆರಳಿನಿಂದ ಮುಂದಕ್ಕೆ ಆ ಖುಷಿ ಬರಲಿಲ್ಲ, ಆದರೂ ಅಷ್ಟಾದರೂ ಆಯಿತಲ್ಲ ಎಂದುಕೊಂಡಳು.

ಅವನು ಮಾತು ಕಡಿಮೆ. ನಾಲ್ಕು ಗಂಟೆಗೆ ಎರಡು ಲೋಟ ಟೀ ಮಾಡುತ್ತಿದ್ದ. ಅವಳದ್ದನ್ನು ಮೇಣದ ದೀಪದಿಂದ ದೂರ, ಕೈಗೆ ಎಟಕುವಷ್ಟು ಹತ್ತಿರ ಇಡುತ್ತಿದ್ದ. ಇದನ್ನು ಅವಳು ಗಮನಿಸಲು ಒಂದು ವಾರ ಹಿಡಿಯಿತು.

ಹದಿಮೂರನೇ ದಿನ ಅವನು ಅವಳ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ, ಅಂಗೈಗೆ ಒಂದು ಹಲ್ಲು ಹಾಕಿದ.

ಬೆರಳಿನಿಂದ ಸವರಿದಳು. "ಕೆಳಗಿನದು. ಎಡಗಡೆ." ಒಂದು ಕ್ಷಣ ತಡೆದಳು. "ಏಳನೇದು."

"ಹೌದು."

ಬಟ್ಟೆ ಬಿಚ್ಚಲಿಲ್ಲ. ಕಣ್ಣು ಕಟ್ಟಿದ್ದಾಗಲೇ ಕೇಳುವುದು ಸುಲಭ ಎನ್ನಿಸಿತು.

"ಹೇಳಿದ್ದು ನೀವಲ್ಲ ಅಂತ ಅಕ್ಕ ಹೇಳಿದ್ರು. ಅವತ್ತು ಫೋನಿನಲ್ಲಿ 'ನಾನಲ್ಲ' ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ?"

"ನೀವು ಹೇಳದಿದ್ರೆ ಮರುದಿನ ನಾನೇ ಹೇಳ್ತಿದ್ದೆ. ಒಂದು ದಿನ ಮುಂಚೆ ಬೇರೆಯವರಿಗೆ ಗೊತ್ತಾಯ್ತು ಅನ್ನೋದಕ್ಕೆ ನಾನು ಒಳ್ಳೆಯವನಾಗಿಬಿಡ್ತೀನಾ?"

"ನಾನು ಅಷ್ಟು ಕೆಟ್ಟದಾಗಿ ಮಾತಾಡಿದೆ..."

"ಹ್ಞೂಂ. ಆ ಕ್ಯಾಪ್ ಕಳಿಸಿದ ಮೇಲೆ ಎರಡು ದಿನ ಕೆಲಸ ಸಾಗಲಿಲ್ಲ ನನಗೆ."

ಅವಳು ಬಟ್ಟೆ ಬಿಚ್ಚಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ತಪ್ಪಾಯ್ತು," ಎಂದಳು. ಆಮೇಲೆ, "ಇನ್ನೊಂದು ಕೇಳ್ತೀನಿ. ಅಚ್ಚಿನ ಬಗ್ಗೆ ಏನೇ ಇದ್ರೂ ನೀವು ಚೀಟಿ ಬರೀತಿದ್ರಿ. ಅದಕ್ಕೊಂದಕ್ಕೆ ಮಾತ್ರ ಯಾಕೆ ನೀವೇ ಬಂದ್ರಿ? ಫೋನ್ ಮಾಡಿದ್ರೂ ಆಗ್ತಿತ್ತಲ್ಲ."

ಅವನು ಉಗುರಿನಲ್ಲಿ ಒಣಗಿದ ಪ್ಲಾಸ್ಟರ್ ಕೆರೆದ.

"ಫೋನಲ್ಲಿ ಹೇಳಿದ್ರೆ, ಅದನ್ನ ಕೇಳೋವಾಗ ನೀವು ಒಬ್ರೇ ಇರ್ತಿದ್ರಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಣ್ಣಿನಲ್ಲಿ ನೀರು ತುಂಬಿತು. ಅಳುತ್ತಿದ್ದೇನೆ ಎಂದು ಗೊತ್ತಾದದ್ದು ಮೇಜಿನ ಮೇಲೆ ಹನಿ ಬಿದ್ದ ಮೇಲೆ. ಬಿಕ್ಕಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಅಂದಿನಿಂದ ಎಲ್ಲೋ ಕಟ್ಟಿಕೊಂಡಿದ್ದದ್ದು ಸುಮ್ಮನೆ ಇಳಿದು ಹೋಗುತ್ತಿತ್ತು.

ಅವನು ಸ್ಟೂಲನ್ನು ಎಳೆದುಕೊಂಡು ಪಕ್ಕದಲ್ಲಿ ಕೂತ. ಅವನ ತೋಳು ಅವಳ ತೋಳಿಗೆ ತಾಗುವಷ್ಟು ಹತ್ತಿರ.

"ನಿಮ್ಮ ಅಚ್ಚು ಬಂದ ದಿನ," ಎಂದ ಕೆಳದನಿಯಲ್ಲಿ, "ಬೇರೆ ಕೆಲಸ ಬಿಟ್ಟು ಮೊದಲು ಅದನ್ನೇ ತೆಗೀತಿದ್ದೆ. ನಿಮ್ಮನ್ನ ನೋಡೋಕೆ ಮುಂಚಿಂದ. ಇಷ್ಟು ದಿನ ಹೇಳಬಾರದು ಅಂತಿದ್ದೆ. ಶಿಕ್ಷೆಗೆ ಬಂದವರ ಹತ್ತಿರ ಇದನ್ನೆಲ್ಲ ಹೇಳೋದು ಸರಿಯಲ್ಲ."

ಅವಳ ಮನಸ್ಸಿನಲ್ಲಿ ಏನೋ ಅಲುಗಾಡಿತು. ಸಂತೋಷವೇ? ಹೌದೆನ್ನುವಷ್ಟು ಧೈರ್ಯ ಇನ್ನೂ ಇರಲಿಲ್ಲ. ಆದರೆ ಸುಳ್ಳು ಹೇಳುವ ಮನಸ್ಸೂ ಇರಲಿಲ್ಲ.

"ನನಗೂ ನಿಮ್ಮ ಮೇಲೆ ಮನಸ್ಸಿತ್ತು. ಇದೆ ಅಂತಾನೂ ಗೊತ್ತು," ಎಂದಳು. "ಆದ್ರೆ ಅದು ಈಗ ಸರಿಯಾಗಿ ತಿಳೀತಿಲ್ಲ ನನಗೆ. ಯಾವುದೂ ಸರಿಯಾಗಿ ತಿಳೀತಿಲ್ಲ. ಸ್ವಲ್ಪ ಸಮಯ ಬೇಕು."

"ತಗೊಳ್ಳಿ. ನಾನು ಇಲ್ಲೇ ಇರ್ತೀನಿ. ಐದೂವರೆವರೆಗೆ ಲ್ಯಾಬ್ ತೆಗ್ದಿರುತ್ತೆ."

ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು.

"ಐದೂವರೆ ಮೇಲೆ?"

"ಐದೂವರೆ ಮೇಲೆ, ನೀವು ಕರೆದ ಕಡೆ ಬರ್ತೀನಿ."